ಗಾಜಕ್ಕನ ಮೂರನೆಯ ಗಾಜು

ಚುಕ್ಕೆ ಇರುವುದು ಗಾಜಿನ ಮೇಲೋ, ಬಣ್ಣದಲ್ಲೋ, ತನ್ನ ಕಣ್ಣಿನೊಳಗೋ ಎಂಬುದು ಅವನಿಗೆ ಬಗೆಹರಿಯಲಿಲ್ಲ. ಬಲಗಣ್ಣನ್ನು ಮೈಕ್ರೋಸ್ಕೋಪಿನ ಕೊಳವೆಗೆ ಒತ್ತಿ ಕೂತು ಎಷ್ಟು ಹೊತ್ತಾಯಿತೋ, ಕತ್ತಿನ ಹಿಂದಿನ ನರ ಬೇರಿನ ಹಾಗೆ ಬಿಗಿದುಕೊಂಡಿತ್ತು. ಎಡಗಣ್ಣನ್ನೂ ತೆರೆದೇ ಇಟ್ಟಿರಬೇಕು, ಮುಚ್ಚಿದರೆ ಸಂಜೆಗೆ ತಲೆ ಸಿಡಿಯುತ್ತದೆ ಎಂದು ಮೂವತ್ತು ವರ್ಷದ ಹಿಂದೆ ತರಬೇತಿಯ ಮೇಷ್ಟ್ರು ಹೇಳಿಕೊಟ್ಟಿದ್ದರು. ಆ ಎಡಗಣ್ಣಿಗೆ ಮೇಜಿನ ಮೇಲಿನ ಬಣ್ಣದ ಶೀಸೆ, ಎಣ್ಣೆಯ ಬಾಟಲಿ, ಗೋಡೆಯ ಮೇಲೆ ವರ್ಷ ಮುಗಿದರೂ ಯಾರೂ ತೆಗೆಯದ ಕ್ಯಾಲೆಂಡರು, ಕಿಟಕಿಯಾಚೆ ಒಣಗಲು ಹಾಕಿದ ಆಸ್ಪತ್ರೆಯ ಹಾಸುಬಟ್ಟೆಗಳು ಕಂಡೂ ಕಾಣದ ಹಾಗಿದ್ದವು. ಬಲಗಣ್ಣಿಗೆ ಕಾಣುತ್ತಿದ್ದುದು ಬೆಳಕು ತುಂಬಿದ ದುಂಡನೆಯ ಒಂದು ಬಯಲು. ಅದರ ನಡುವೆ ಒಂದು ಬಿಳಿ ರಕ್ತಕಣ, ನ್ಯೂಟ್ರೊಫಿಲ್. ಒಳಗಿನ ನೇರಳೆ ತಿರುಳು ಮೂರು ತುಂಡಾಗಿ ಸಣ್ಣ ಎಳೆಯಿಂದ ಒಂದಕ್ಕೊಂದು ಪೋಣಿಸಿಕೊಂಡಿತ್ತು. ಆ ತಿರುಳಿನ ಪಕ್ಕದಲ್ಲಿ, ಕಣದ ಮೈಯೊಳಗೇ ಎನ್ನುವ ಹಾಗೆ, ಎರಡು ಕಂದು ಕಾಳು. ಒಂದು ಕ್ಷಣ ಇವೆ, ಇನ್ನೊಂದು ಕ್ಷಣ ಇಲ್ಲ. ಅವನು ರೆಪ್ಪೆ ಬಡಿದ. ಮತ್ತೆ ಇದ್ದವು.

ಹನ್ನೆರಡಕ್ಕೆ ಗಾಡಿ ಬರುತ್ತದೆ ಎಂದು ಡಾಕ್ಟರಮ್ಮ ಹೇಳಿಹೋಗಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಿನಲ್ಲೇ ನಿಂತು, ಒಳಗೆ ಕಾಲಿಡದೆ, ಗೋಡೆಯ ಜೊತೆ ಮಾತಾಡುವ ಹಾಗೆ ಹೇಳಿದ್ದರು. "ಗಾಜಕ್ಕನ ರಕ್ತದ ಎರಡು ಗಾಜಲ್ಲೂ ಮಲೇರಿಯಾ ಇಲ್ಲ ಅಂದಿದೀರಿ. ಮೂರನೇದೂ ಇಲ್ಲ ಅನ್ನೋದಾದ್ರೆ ಹೇಳಿಬಿಡಿ, ಮಿದುಳು ಜ್ವರ ಅಂತ ಬರೆದು ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಐದು ಗಂಟೆ ದಾರಿ, ಅವಳು ತಡೀತಾಳೋ ಇಲ್ವೋ. ಮಲೇರಿಯಾದ ಇಂಜೆಕ್ಷನ್ ಒಬ್ಬರಿಗಾಗೋಷ್ಟೇ ಉಳಿದಿರೋದು, ಅಂದಾಜಿಗೆ ಚುಚ್ಚಿ ಕೂರೋಕೆ ಆಗಲ್ಲ." ಕಾರ್ಡಿನ ಮೇಲೆ ಒಂದು ಹನಿ ಹಾಕಿ ನೋಡುವ ಪರೀಕ್ಷೆಯ ಪೊಟ್ಟಣಗಳು ಮುಗಿದು ತಿಂಗಳಾಗಿತ್ತು. ಬರೆದು ಕಳಿಸಿದ ಕಾಗದಕ್ಕೆ ಉತ್ತರವಾಗಿ ಇನ್ನೊಂದು ಕಾಗದ ಬಂದಿತ್ತು. ಈಗ ಉಳಿದಿದ್ದು ಅವನ ಕಣ್ಣು. ಅವನ ಮುಂದೆ ಒಂದು ನಮೂನೆಯ ಹಾಳೆ ಇತ್ತು. ಅದರಲ್ಲಿ ಎರಡು ಚೌಕ: ಕಂಡಿದೆ, ಕಂಡಿಲ್ಲ. ರೋಗದ ಪರಾವಲಂಬಿ ಕಂಡಿದೆಯೇ ಎಂದರೆ ಕಂಡಿಲ್ಲ. ಇನ್ನೂರು ಬಯಲು ಜಾಲಾಡಿಸಿದ್ದ, ಕೆಂಪು ಕಣದೊಳಗೆ ಉಂಗುರದಂಥದ್ದು ಒಂದೂ ಇರಲಿಲ್ಲ. ಆದರೆ ಈ ಕಾಳುಗಳಿಗೆ ಮೂರನೆಯ ಚೌಕವನ್ನು ಯಾರೂ ಅಚ್ಚು ಹಾಕಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಅವನನ್ನು ಎದುರಿಗೆ ಲ್ಯಾಬಿನವರೇ ಎನ್ನುತ್ತಿದ್ದರು, ಬೆನ್ನ ಹಿಂದೆ ದುರ್ಬೀನಪ್ಪ ಎನ್ನುತ್ತಿದ್ದರು. ಆ ಹೆಸರಿಟ್ಟವಳು ಗಾಜಕ್ಕನೇ ಎಂದು ಅವನಿಗೆ ಅನುಮಾನ. ಅವಳಿಗೆ ಗಾಜಕ್ಕ ಎಂದು ಹೆಸರಿಟ್ಟವನು ತಾನೇ ಆದ್ದರಿಂದ ಲೆಕ್ಕ ಸರಿಹೋಯಿತು ಎಂದು ಸುಮ್ಮನಿದ್ದ. ಅವನಿಗಿಂತ ಹದಿನೈದು ವರ್ಷ ಚಿಕ್ಕವಳು. ಹನ್ನೊಂದು ವರ್ಷದಿಂದ ಅವನು ನೋಡಿ ಮುಗಿಸಿದ ಗಾಜುಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕಿ, ಉಜ್ಜಿ, ತೊಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಪೆಟ್ಟಿಗೆಗೆ ಜೋಡಿಸಿ ಕೊಡುತ್ತಿದ್ದವಳು. ರೋಗ ಕಂಡ ಗಾಜನ್ನು ಮೇಲಿನವರಿಗೆ ಕಳಿಸಬೇಕು, ಕಾಣದ ಗಾಜನ್ನು ತೊಳೆಯಬೇಕು. ಹಾಗಾಗಿ ಊರಿನ ಆರೋಗ್ಯವೆಲ್ಲ ಅವಳ ಬಕೆಟ್ಟಿಗೇ ಬರುತ್ತಿತ್ತು. "ಎಲ್ಲರ ರಕ್ತಾನೂ ತೊಳೀತೀನಿ, ಒಬ್ಬರದಾದ್ರೂ ಬಣ್ಣ ಬೇರೆ ಇದೆಯಾ ಅಂತ ನೋಡ್ತೀನಿ, ಎಲ್ಲಾ ಒಂದೇ ಹಾಳು ನೇರಳೆ," ಎನ್ನುತ್ತಿದ್ದಳು. ಅವಳ ಮಾತಿಗೆ ಅವನು ನಗುತ್ತಿರಲಿಲ್ಲ. ನಕ್ಕರೆ ಸಲುಗೆಯಾಗುತ್ತದೆ ಎಂಬ ಭಯ. ಈಗ ಅವಳು ಹೆಂಗಸರ ವಾರ್ಡಿನ ಕೊನೆಯ ಮಂಚದಲ್ಲಿ, ಹೆಸರು ಕೇಳಿದರೆ ಇನ್ಯಾರದೋ ಹೆಸರು ಹೇಳುತ್ತ ಮಲಗಿದ್ದಳು.

ಮೊದಲ ದಿನ ತಾನೇ ನಡೆದು ಬಂದಿದ್ದಳು. ಶನಿವಾರ, ಬಾಗಿಲು ಹಾಕುವ ಹೊತ್ತು. ಅವನು ನಲವತ್ತು ಗಾಜು ನೋಡಿ ಎದ್ದಿದ್ದ, ಹೆಗಲಿಗೆ ಚೀಲ ಏರಿಸಿಕೊಂಡೂ ಆಗಿತ್ತು. "ನನ್ನದೂ ಒಂದು ನೋಡಿಬಿಡಿ, ನಾಲ್ಕು ದಿನದಿಂದ ಮೈಯೊಳಗೆ ಯಾರೋ ಬಾವಿ ತೋಡ್ತಿದಾರೆ," ಎಂದು ಬೆರಳು ಚಾಚಿದ್ದಳು. ಅಂಗಡಿಯಿಂದ ಜ್ವರದ ಮಾತ್ರೆ, ಮಲೇರಿಯಾದ ಮಾತ್ರೆ ಯಾವುದನ್ನೋ ಅರ್ಧಂಬರ್ಧ ನುಂಗಿದ್ದೇನೆ ಎಂದೂ ಹೇಳಿದ್ದಳು. ಅವನು ಕೇಳಿಸಿಕೊಂಡಿದ್ದನೋ ಇಲ್ಲವೋ, ಈಗ ನೆನಪಾಗುತ್ತಿದೆ ಎಂದರೆ ಕೇಳಿಸಿಕೊಂಡಿದ್ದಿರಬೇಕು. ಚುಚ್ಚಿ, ಹನಿ ತೆಗೆದು, ತೆಳ್ಳಗೆ ಎಳೆದು, ಬಣ್ಣ ಹಾಕಿ, ಹೆಗಲಿನ ಚೀಲವನ್ನು ಇಳಿಸದೆಯೇ ನೋಡಿದ್ದ. ಬಯಲು ನೂರು ನೋಡಬೇಕು. ಎಷ್ಟು ನೋಡಿದ? ಇಪ್ಪತ್ತು? ಹದಿನೈದು? ಆಗಲೂ ಈ ಕಂದು ಕಾಳುಗಳೇ ಕಣ್ಣಿಗೆ ಬಿದ್ದಿದ್ದವು, ಅಲ್ಲೊಂದು ಇಲ್ಲೊಂದು. ಅವನು ತಲೆಯೆತ್ತಿ ಅವಳಿಗೆ ಹೇಳಿದ್ದ, "ರೋಗ ಇಲ್ಲ. ಕೊಳೆ ಇದೆ. ನೀನು ತೊಳೆಯೋ ಚಂದ ಇದು. ನೋಡು, ನಿನ್ನ ಗಾಜಲ್ಲಿ ನಿನ್ನದೇ ಕೊಳೆ." ಅವಳು ನಗಲಿಲ್ಲ. ಯಾವಾಗಲೂ ಒಂದಕ್ಕೆರಡು ಕೊಡುವವಳು ಅವತ್ತು ಗೋಡೆ ಹಿಡಿದು ನಿಂತು, "ಉಜ್ಜಿದ್ನಲ್ಲಾ," ಎಂದಿದ್ದಳು ಅಷ್ಟೆ. ಆ 'ಉಜ್ಜಿದ್ನಲ್ಲಾ' ಎಂಬುದರಲ್ಲಿ ಏನೋ ಒಂದು, ತಪ್ಪು ಮಾಡದೆ ಏಟು ತಿಂದ ಮಗುವಿನ ದನಿಯಂಥದು, ಅವನನ್ನು ದಾರಿಯುದ್ದಕ್ಕೂ ಕಾಡಿತ್ತು. ಕಾಡಿದ್ದಕ್ಕೆ ಅವಳ ಮೇಲೇ ಇನ್ನಷ್ಟು ಸಿಟ್ಟು ಬಂದಿತ್ತು. ಎರಡನೆಯ ಗಾಜನ್ನು ಭಾನುವಾರ ನರ್ಸಮ್ಮ ವಾರ್ಡಿನಿಂದ ಕಳಿಸಿದ್ದಳು. ಅದರಲ್ಲೂ ಕಾಳು. ಅದೂ ಅವಳು ತೊಳೆದ ಗಾಜೇ ತಾನೆ, ಎಂದುಕೊಂಡಿದ್ದ. ಕಂಡಿಲ್ಲ.

ಕಣ್ಣಿನ ಸಂಗತಿ ಬೇರೆಯೇ ಇತ್ತು. ಆರು ತಿಂಗಳಿಂದ ಅವನ ಎದುರು ಎಳ್ಳಿನಂಥವು ತೇಲುತ್ತಿದ್ದವು. ಬೆಳಕಿನ ಕಡೆ ನೋಡಿದರೆ ಹೆಚ್ಚು. ಮನೆಯಲ್ಲಿ ಒಂದು ದಿನ ಅನ್ನದ ತಟ್ಟೆಯಲ್ಲಿಲ್ಲದ ಕಲ್ಲನ್ನು ಎರಡು ಬೆರಳಲ್ಲಿ ಹೆಕ್ಕಲು ಹೋಗಿ ಹೆಂಡತಿಯ ಕಣ್ಣಿಗೆ ಬಿದ್ದಿದ್ದ. "ನಾನು ಆರಿಸಿದ್ದರಲ್ಲಿ ಕಲ್ಲು ಹುಡುಕ್ತೀರಾ? ಮೂವತ್ತು ವರ್ಷ ಕಲ್ಲು ತಿಂದೇ ಬದುಕಿದ್ರಾ ಹಾಗಾದ್ರೆ?" ಎಂದು ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಕಣ್ಣಿನ ದೋಷ ಎಂದು ಹೇಳಿದ್ದರೆ ಅವಳ ಕೋಪ ಇಳಿಯುತ್ತಿತ್ತು. ಆದರೆ ಆ ಮಾತು ಬಾಯಿಂದ ಬಾಯಿಗೆ ಆಸ್ಪತ್ರೆ ಸೇರುತ್ತಿತ್ತು, ನೋಡಲಾರದವನಿಗೆ ನೋಡುವ ಕೆಲಸ ಯಾಕೆ ಎಂದು ಯಾರೋ ಎಲ್ಲೋ ಒಂದು ಕಾಗದ ಬರೆಯುತ್ತಿದ್ದರು. ಹಾಗಾಗಿ ಅವಳ ಆರಿಸುವ ಕೈ ಕೆಟ್ಟಿದೆ ಎಂದೇ ಸಾಧಿಸಿದ್ದ. ಈಗ ಕೊಳವೆಯ ಮೇಲೆ ಬಗ್ಗಿ, ತನ್ನ ಸುತ್ತ ಇರುವ ಹೆಂಗಸರೆಲ್ಲ ತನ್ನ ಕಣ್ಣಿನ ಕೊಳೆಯನ್ನು ತಮ್ಮ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಾರೆಯೇ ಎಂದು ಅನ್ನಿಸಿತು. ಹಾಗಾದರೆ ಈ ಕಾಳೂ ಕಣ್ಣಿನದೇ. ಕಣ್ಣಿನದಾದರೆ ಗಾಜಕ್ಕನಿಗೆ ಬೈದದ್ದು ತಪ್ಪು, ಆದರೆ ಬರೆದದ್ದು ಸರಿ. ಗಾಜಿನದಾದರೆ ಬೈದದ್ದೂ ಸರಿ, ಬರೆದದ್ದೂ ಸರಿ. ಕಣದ್ದೇ ಆದರೆ? ಅಲ್ಲಿಗೆ ಬಂದು ಅವನ ಯೋಚನೆ ಹೊಸ್ತಿಲು ಕಂಡ ದನದ ಹಾಗೆ ನಿಂತುಬಿಡುತ್ತಿತ್ತು.

ತರಬೇತಿಯ ಮೇಷ್ಟ್ರು ಕುಳ್ಳಗೆ, ಹೊಗೆಸೊಪ್ಪಿನ ವಾಸನೆಯವರು. ನ್ಯೂಟ್ರೊಫಿಲ್ ಎಂದರೆ ಅವರಿಗೆ ಒಂಥರಾ ಮಮಕಾರ. ಬೆಂಕಿ ಬಿದ್ದ ಮನೆಗೆ ಕೊಡ ಹಿಡಿದು ಓಡುವವರಲ್ಲಿ ಮೊದಲನೆಯವನು ಇವನು ಕಣ್ರಯ್ಯ, ಯಾರ ಮನೆ, ಯಾಕೆ ಬಿತ್ತು, ಏನೂ ಕೇಳಲ್ಲ, ಓಡೋದೊಂದೇ ಗೊತ್ತು, ಆಯುಸ್ಸೂ ಒಂದು ದಿನದ್ದು, ಎನ್ನುತ್ತಿದ್ದರು. ಮಲೇರಿಯಾದ ಪರಾವಲಂಬಿ ಕೆಂಪು ಕಣದೊಳಗೆ ಕೂತು ರಕ್ತವನ್ನು ತಿನ್ನುತ್ತದೆ. ತಿಂದು ಅರಗದ್ದನ್ನು ಕಂದು ಪುಡಿಯಾಗಿ ಉಳಿಸುತ್ತದೆ. ಕಣ ಒಡೆದಾಗ ಆ ಎಂಜಲು ರಕ್ತಕ್ಕೆ ಚೆಲ್ಲುತ್ತದೆ. ಓಡಿಬಂದ ನ್ಯೂಟ್ರೊಫಿಲ್ ಆ ಎಂಜಲನ್ನು ನುಂಗುತ್ತದೆ. ಅಷ್ಟರಲ್ಲಿ ಪರಾವಲಂಬಿ ಮಾತ್ರೆಗೆ ಹೆದರಿಯೋ ತನ್ನ ಹುಟ್ಟುಬುದ್ಧಿಯಿಂದಲೋ ಮಿದುಳಿನ ಸಣ್ಣ ನಾಳಗಳಲ್ಲಿ ಅಡಗಿ ಕೂತಿರಬಹುದು. ಆಗ ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಏನೂ ಇರುವುದಿಲ್ಲ. "ಕಳ್ಳ ಸಿಗದಿದ್ರೆ ಹಿಡಿಯೋಕೆ ಹೋದವನ ಅಂಗಿ ನೋಡಿ," ಎಂದು ಮೇಷ್ಟ್ರು ಮೇಜು ಕುಟ್ಟಿ ಹೇಳಿದ್ದರು. "ಅಂಗೀಲಿ ಕಲೆ ಇದ್ರೆ ಕಳ್ಳ ಒಳಗೇ ಇದಾನೆ. ನೂರರಲ್ಲಿ ಐದಕ್ಕಿಂತ ಹೆಚ್ಚು ಕಲೆಯವರು ಸಿಕ್ಕಿದ್ರೆ ನೀವು ಕೂತಲ್ಲಿಂದ ಓಡಬೇಕು, ನಡೆಯೋದಲ್ಲ." ಎಲ್ಲರೂ ನಕ್ಕಿದ್ದರು. ಅವನೂ ಬರೆದುಕೊಂಡಿದ್ದ. ಆ ಪುಸ್ತಕ ಎಲ್ಲಿ ಹೋಯಿತೋ. ಮೂವತ್ತು ವರ್ಷದಲ್ಲಿ ಅಂಥ ಕಲೆ ನಾಲ್ಕೋ ಐದೋ ಸಲ ಕಂಡಿರಬೇಕು, ಎಲ್ಲ ಸಲವೂ ಕಳ್ಳನೂ ಜೊತೆಗೇ ಸಿಕ್ಕಿದ್ದ, ಅಂಗಿ ನೋಡುವ ಕೆಲಸವೇ ಬಿದ್ದಿರಲಿಲ್ಲ. ಡಾಕ್ಟರಮ್ಮ ಒಮ್ಮೆ ಯಾವುದೋ ಪತ್ರಿಕೆ ಓದಿ ಹೇಳಿದ್ದರು: ಈ ಕಣಗಳು ಕೊನೆಗೆ ತಮ್ಮ ಒಳಗಿನ ಎಳೆಯನ್ನೇ ಬಿಚ್ಚಿ ಬಲೆಯ ಹಾಗೆ ಎಸೆದು ತಾವೂ ಸಾಯುತ್ತವಂತೆ, ಕೆಲವು ಸಲ ಆ ಬಲೆಯಲ್ಲಿ ಕಳ್ಳನಿಗಿಂತ ಮನೆಯವರ ಕಾಲೇ ಸಿಕ್ಕಿಕೊಳ್ಳುತ್ತದಂತೆ. ಅದನ್ನು ಕೇಳಿ ಅವನಿಗೆ ಅವತ್ತು ಯಾಕೋ ಬೇಸರವಾಗಿತ್ತು. ಹಿಂದುಮುಂದು ನೋಡದೆ ಓಡಿಹೋದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಓಡಿದವನಿಗೆ ತಿಳಿಯುವುದೇ ಇಲ್ಲವಲ್ಲ, ಅಷ್ಟರಲ್ಲಿ ಅವನ ದಿನ ಮುಗಿದಿರುತ್ತದೆ.

ಹತ್ತೂಕಾಲು. ಅವನು ಎದ್ದು ನಿಂತ, ಮತ್ತೆ ಕೂತ. ಒಂದೊಂದಾಗಿ ನೋಡೋಣ ಎಂದು ಗಟ್ಟಿಯಾಗಿಯೇ ಹೇಳಿಕೊಂಡ. ಈ ಮೂರನೆಯ ಗಾಜು ಗಾಜಕ್ಕ ತೊಳೆದದ್ದಲ್ಲ. ಅವಳು ತೊಳೆದ ಪೆಟ್ಟಿಗೆಯ ಮೇಲೆ ನಂಬಿಕೆ ಹೋಗಿ ಬೆಳಿಗ್ಗೆ ಕಪಾಟಿನಿಂದ ಹೊಸ ಪೊಟ್ಟಣ ಒಡೆದು, ಕಾರ್ಖಾನೆಯ ಕಾಗದ ಬಿಚ್ಚಿ ತೆಗೆದ ಗಾಜು. ಅಂದರೆ ಕೊಳೆ ಅವಳದ್ದಲ್ಲ. ಇಷ್ಟು ಸರಳವಾದದ್ದು ಒಂದು ಗಂಟೆಯಿಂದ ಯಾಕೆ ಹೊಳೆಯಲಿಲ್ಲ? ಹೊಳೆದಿತ್ತು, ಹೊಳೆದದ್ದನ್ನು ಅತ್ತ ಸರಿಸಿ ಕೂತಿದ್ದ. ಆಮೇಲೆ ಬಣ್ಣ. ಬಣ್ಣವನ್ನು ಸೋಸದೆ ಹಾಕಿದರೆ ಅದರ ಚರಟ ಕಾಳುಕಾಳಾಗಿ ಕೂರುತ್ತದೆ. ಸೋಸುವ ಕಾಗದ ಉಳಿಸಲೆಂದು ಅವನು ವಾರಕ್ಕೊಮ್ಮೆ ಸೋಸುತ್ತಿದ್ದ, ಅದನ್ನು ಯಾರಿಗೂ ಹೇಳಿರಲಿಲ್ಲ. ಇನ್ನೊಂದು ಹೊಸ ಗಾಜು ತೆಗೆದು, ರಕ್ತವಿಲ್ಲದೆ ಬರಿಯ ಬಣ್ಣ ಹಾಕಿ, ಬೇಕಾದಷ್ಟು ಹೊತ್ತು ಕಾದು, ತೊಳೆದು, ಒಣಗಿಸಿ ನೋಡಿದ. ಅಲ್ಲಲ್ಲಿ ಚರಟ ಇತ್ತು. ಅವನಿಗೆ ಒಂದು ಕ್ಷಣ ಸಂತೋಷವಾಯಿತು, ಆ ಸಂತೋಷಕ್ಕೆ ನಾಚಿಕೆಯೂ ಆಯಿತು. ಆದರೆ ಅದು ನೀಲಿಯಾಗಿತ್ತು, ಬಯಲಿನಲ್ಲಿ ಎಲ್ಲೆಂದರಲ್ಲಿ ಚೆಲ್ಲಾಡಿತ್ತು. ಗಾಜಕ್ಕನ ರಕ್ತದಲ್ಲಿದ್ದದ್ದು ಕಂದು, ಕಣವಿದ್ದ ಕಡೆ ಮಾತ್ರ. ಹಾಗಾದರೆ ಕಣ್ಣು. ಕಣ್ಣಿನ ಎಳ್ಳಾದರೆ ಕಣ್ಣು ಹೋದಲ್ಲೆಲ್ಲ ಬರಬೇಕು. ಅವನು ನೋಟವನ್ನು ಕದಲಿಸದೆ ಬೆರಳಿನಿಂದ ಗಾಜನ್ನು ಕೂದಲೆಳೆಯಷ್ಟು ಸರಿಸಿದ. ಎರಡು ಎಳ್ಳು ಇದ್ದಲ್ಲೇ ತೇಲಿದವು. ಎರಡು ಕಾಳು ಕಣದ ಜೊತೆ ಸರಿದವು. ಅವನು ಮತ್ತೆ ಸರಿಸಿದ. ಮತ್ತೆ ಸರಿದವು. ಸಣ್ಣ ತಿರುಪನ್ನು ತಿರುಗಿಸಿದಾಗ ತಿರುಳೂ ಕಾಳೂ ಒಟ್ಟಿಗೇ ಮಸುಕಾಗಿ ಒಟ್ಟಿಗೇ ಸ್ಪಷ್ಟವಾದವು, ಒಂದೇ ಮನೆಯಲ್ಲಿ ಮಲಗಿ ಏಳುವವರ ಹಾಗೆ.

ಇನ್ನು ಎಣಿಸಬೇಕು. ಎಣಿಸುವುದೆಂದರೆ ಅವನಿಗೆ ಭಯವಿತ್ತು, ಯಾಕೆಂದರೆ ಅವನು ಎಣಿಸಿ ವರ್ಷಗಳೇ ಆಗಿದ್ದವು. ದಿನಕ್ಕೆ ಹತ್ತಾರು ಜನರ ಬಿಳಿಕಣಗಳ ಎಣಿಕೆ ಬರೆಯುತ್ತಿದ್ದ. ನ್ಯೂಟ್ರೊಫಿಲ್ ಅರವತ್ತೆರಡು, ಲಿಂಫೋಸೈಟ್ ಮೂವತ್ತೆರಡು, ಉಳಿದವು ಆರು, ಕೂಡಿಸಿದರೆ ನೂರು. ಮೊದಮೊದಲು ನೂರೂ ಎಣಿಸುತ್ತಿದ್ದ, ಆಮೇಲೆ ಐವತ್ತು ಎಣಿಸಿ ಎರಡರಿಂದ ಗುಣಿಸುತ್ತಿದ್ದ, ಆಮೇಲೆ ಬಯಲನ್ನು ಒಮ್ಮೆ ನೋಡಿದರೆ ಕೈ ತಾನೇ ಬರೆಯುತ್ತಿತ್ತು. ಸುಳ್ಳು ಎಂದು ಅವನಿಗೆ ಅನ್ನಿಸಿರಲಿಲ್ಲ. ಹೊಲದ ಬದುವಿನಲ್ಲಿ ನಿಂತು ಇಷ್ಟು ಚೀಲ ಬರುತ್ತದೆ ಎಂದು ಅಪ್ಪ ಹೇಳುತ್ತಿದ್ದ, ಚೀಲ ತುಂಬಿದಾಗ ಅಷ್ಟೇ ಇರುತ್ತಿತ್ತು, ಅದನ್ನು ಯಾರಾದರೂ ಸುಳ್ಳು ಎನ್ನುತ್ತಾರೆಯೇ? ಆದರೆ ಅಪ್ಪ ಬದುವಿನಲ್ಲಿ ನಿಲ್ಲುತ್ತಿದ್ದ, ಪೂರಾ ಹೊಲ ಸುತ್ತಿ ಬಂದು ನಿಲ್ಲುತ್ತಿದ್ದ. ಎಣಿಸುವ ಯಂತ್ರದ ಗುಂಡಿಗಳಲ್ಲಿ ಧೂಳು ಕೂತಿತ್ತು. ಒಂದು, ಎರಡು, ಕಾಳಿಲ್ಲ, ಕಾಳಿಲ್ಲ, ಮೂರನೆಯದರಲ್ಲಿ ಇದೆ. ಎಳ್ಳು ತೇಲಿ ಬಂದು ಅಡ್ಡ ನಿಂತರೆ ಅದು ಸರಿಯುವವರೆಗೆ ಕಾದ. ನಲವತ್ತಮೂರಕ್ಕೆ ಬಂದಾಗ ಹೊರಗೆ ಯಾರೋ ಕೆಮ್ಮಿದರು, ನಲವತ್ತಮೂರೋ ಐವತ್ತಮೂರೋ ಮರೆಯಿತು. ಮೊದಲಿಂದ. ನೂರರ ಒಂದು ಸುತ್ತಿಗೆ ಕಾಳಿರುವವು ಹನ್ನೊಂದು ಬಂದವು. ನಂಬಿಕೆಯಾಗದೆ ಎರಡನೆಯ ಸುತ್ತು: ಒಂಬತ್ತು. ಮೂರನೆಯದಕ್ಕೆ ಹದಿಮೂರು. ಇಷ್ಟು ವರ್ಷ ಎಣಿಸದೆ ಬರೆದಾಗ ಒಂದು ದಿನವೂ ಅಂಕಿ ಅಲ್ಲಾಡಿರಲಿಲ್ಲ, ಇವತ್ತು ನಿಜವಾಗಿ ಎಣಿಸಿದರೆ ನಿಲ್ಲುತ್ತಲೇ ಇಲ್ಲವಲ್ಲ ಎಂದು ಅವನಿಗೆ ಅಳು ಬರುವ ಹಾಗಾಯಿತು. ಆದರೆ ಮೂರೂ ಐದಕ್ಕಿಂತ ಮೇಲೇ. ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು. ಅವನು ಎದ್ದು ಹೊರಟ. ಓಡಬೇಕು ಎಂದು ಮೇಷ್ಟ್ರು ಹೇಳಿದ್ದರು. ಮೆಟ್ಟಿಲ ಮೇಲೆ ಕೂತ ರೋಗಿಗಳು ನೋಡುತ್ತಾರೆಂದು ಅವನು ಬಿರುಸಾಗಿ ನಡೆದ.

ಡಾಕ್ಟರಮ್ಮ ಒಬ್ಬ ಮುದುಕನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಿದ್ದವರು ತಲೆ ಎತ್ತಿದರು. "ಏನು, ಕಂಡ್ತಾ?"

"ಕಂಡಿಲ್ಲ," ಎಂದ. "ಆದ್ರೆ..."

"ಆದ್ರೆ ಅನ್ನೋದಕ್ಕೆ ನನ್ನ ಹತ್ರ ಇಂಜೆಕ್ಷನ್ ಇಲ್ಲ, ಲ್ಯಾಬಿನವರೇ."

"ನ್ಯೂಟ್ರೊಫಿಲ್ ಒಳಗೆ ಕಂದು ಕಾಳಿದೆ. ನೂರಕ್ಕೆ ಹತ್ತರ ಆಸುಪಾಸು."

"ಆಸುಪಾಸು ಅಂದ್ರೆ ಎಷ್ಟು? ಎಂಟೂ ಆಸುಪಾಸೇ, ಹದಿನೆಂಟೂ ಆಸುಪಾಸೇ."

"ಒಂದು ಸಲ ಹನ್ನೊಂದು, ಒಂದು ಸಲ ಒಂಬತ್ತು, ಒಂದು ಸಲ ಹದಿಮೂರು."

ಡಾಕ್ಟರಮ್ಮ ಅವನ ಮುಖ ನೋಡಿದರು. ಅವರ ಕೈಗೆ ಎಂಟು ವರ್ಷದಿಂದ ಅವನ ಅಲ್ಲಾಡದ ಅದೇ ಅರವತ್ತೆರಡು ಬರುತ್ತಿತ್ತು. ಏನು ಓದಿಕೊಂಡರೋ, ಮುದುಕನಿಗೆ ಅಂಗಿ ಹಾಕಿಕೊಳ್ಳಲು ಹೇಳಿ ಕೆಳಗೆ ಲ್ಯಾಬಿಗೆ ಬಂದರು. ಕೊಳವೆಗೆ ಕಣ್ಣಿಟ್ಟು, ಕನ್ನಡಕ ತೆಗೆದು, ಮತ್ತೆ ಹಾಕಿ, ಬಹಳ ಹೊತ್ತು ಕೂತರು. ಬಾಗಿಲ ಬಳಿ ಡ್ರೈವರು ಬಂದು, "ಗಾಡಿ ನಿಂತಿದೆ ಡಾಕ್ಟ್ರೇ, ಇಂಜಿನ್ ಆಫ್ ಮಾಡಿದ್ರೆ ಮತ್ತೆ ತಳ್ಳೋಕೆ ನಾಲ್ಕು ಜನ ಬೇಕು," ಎಂದ.

"ಉರೀಲಿ ಬಿಡು," ಎಂದರು ಅವರು ಕಣ್ಣು ತೆಗೆಯದೆ. ಆಮೇಲೆ ಅವನಿಗೆ, "ಏನೋ ಇದೆ. ಕಾಳೋ ಕಸವೋ ನನಗೆ ಆಣೆ ಮಾಡಿ ಹೇಳೋಕೆ ಬರಲ್ಲ. ಇದೊಂದು ಗಾಜಿನ ಮೇಲೆ ಇರೋ ಒಂದೇ ಇಂಜೆಕ್ಷನ್ ಖಾಲಿ ಮಾಡಿ, ನಾಳೆ ಇನ್ನೊಂದು ಮಗು ಬಂದ್ರೆ ಏನು ಮಾಡ್ಲಿ? ಮೊದಲ್ನೇ ದಿನದ ಗಾಜಲ್ಲೂ ಇದೇ ಇತ್ತಾ? ಇದ್ದಿದ್ರೆ ಒಪ್ಕೊಳ್ತೀನಿ. ಇವತ್ತು ಹುಟ್ಟಿದ ಕಸ ಅಲ್ಲ ಅಂತಾಗುತ್ತೆ."

"ಆ ಗಾಜು..." ಎಂದು ಒಳಗಿನ ಕೋಣೆಯ ಕಡೆ ತಿರುಗಿದ. ಒಳಗೆ ನಲ್ಲಿಯ ಕೆಳಗೆ ಗಾಜಕ್ಕನ ಬಕೆಟ್ಟಿತ್ತು, ಶನಿವಾರದ ಸೋಪಿನ ನೀರು ತಳದಲ್ಲಿ ಹೆಪ್ಪಾಗಿತ್ತು. ಪಕ್ಕದ ತಟ್ಟೆಯಲ್ಲಿ ಕಂಡಿಲ್ಲದವರ ಗಾಜುಗಳು ಸಾಲಾಗಿ ಬಿದ್ದಿದ್ದವು. ಅವಳು ಬಂದಿದ್ದರೆ ಭಾನುವಾರವೇ ನೆನೆದು, ಉಜ್ಜಿಸಿಕೊಂಡು, ಹೊಳೆಯುತ್ತ ಪೆಟ್ಟಿಗೆ ಸೇರುತ್ತಿದ್ದವು; ತನ್ನ ರಕ್ತವನ್ನು ತಾನೇ ತೊಳೆದು ಅವನ ಮರ್ಯಾದೆ ಉಳಿಸುತ್ತಿದ್ದಳು. ಅವಳು ಬರಲಿಲ್ಲವಾದ್ದರಿಂದ ಗಾಜು ಇತ್ತು. ಮೂಲೆಯಲ್ಲಿ ಅವನದೇ ಅಕ್ಷರದಲ್ಲಿ ಸಂಖ್ಯೆ. ಅದನ್ನು ಬೆರಳ ತುದಿಯಲ್ಲಿ ಎತ್ತಿಕೊಂಡ. ಬಕೆಟ್ಟು ಅವನ ಮೊಣಕಾಲಿಗೆ ತಗುಲಿತು. ತೊಳೆದುಹೋಯಿತು ಎಂದರೆ ಯಾರೂ ಎರಡನೆಯ ಮಾತು ಆಡುವುದಿಲ್ಲ. ತೊಳೆಯುವುದೇ ನಿಯಮ. ಆಗಲೂ ಡಾಕ್ಟರಮ್ಮ ಇಂಜೆಕ್ಷನ್ ಕೊಡಬಹುದು, ಕೊಡದೆಯೂ ಇರಬಹುದು, ಆ ಕೊಡಬಹುದು ಎಂಬುದರಲ್ಲಿ ತಾನು ನುಸುಳಿ ಪಾರಾಗಬಹುದು ಎಂದು ಲೆಕ್ಕ ಹಾಕುತ್ತ ನಿಂತದ್ದು ಎಷ್ಟು ಹೊತ್ತೋ. ನಿಂತಿದ್ದೇನೆ ಎಂಬುದು ತಿಳಿದದ್ದು ಹೊರಗೆ ಇಂಜಿನ್ನಿನ ಸದ್ದು ಏರಿ ಇಳಿದಾಗ. ಕೈ ನೀರಿನ ಕಡೆಗೆ ಬಾಗಿತ್ತೋ, ಬಾಗಿತ್ತು ಎಂದು ಆಮೇಲೆ ತೋರಿತೋ, ಅದು ಅವನಿಗೆ ಎಂದೂ ಬಗೆಹರಿಯಲಿಲ್ಲ. ಗಾಜು ಒಣಗಿಯೇ ಇತ್ತು. ತಂದು ಡಾಕ್ಟರಮ್ಮನ ಮುಂದೆ ಇಟ್ಟ.

ಅವರು ನೋಡಿದರು. ಈ ಸಲ ಬಹಳ ಹೊತ್ತು ಬೇಕಾಗಲಿಲ್ಲ. "ಇದರಲ್ಲಿ ಇನ್ನೂ ಜಾಸ್ತಿ ಇದೆಯಲ್ರೀ."

"ಹೂಂ."

"ಶನಿವಾರ ನೀವು ನೋಡಿದಾಗ ಕಾಣ್ಲಿಲ್ವಾ?"

"ಕಂಡಿತ್ತು."

"ಮತ್ತೆ?"

"ಅವಳ ಕೊಳೆ ಅಂದ್ಕೊಂಡೆ."

ಡಾಕ್ಟರಮ್ಮ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು, ಡ್ರೈವರಿಗೆ, "ಗಾಡಿ ಆಫ್ ಮಾಡು, ಬೇಕಾದ್ರೆ ನಾನೇ ತಳ್ತೀನಿ," ಎಂದರು. ನರ್ಸಮ್ಮನನ್ನು ಕೂಗಿದರು. ಬಾಗಿಲು ದಾಟುವಾಗ, ಅವನ ಕಡೆ ನೋಡದೆ, "ನಿಮ್ಮ ಜೊತೆ ಆಮೇಲೆ ಮಾತಾಡ್ತೀನಿ," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಅವನು ನಮೂನೆಯ ಹಾಳೆ ತೆಗೆದುಕೊಂಡು, ಕಂಡಿಲ್ಲ ಎಂಬ ಚೌಕಕ್ಕೆ ಗುರುತು ಹಾಕಿ, ಅದರ ಕೆಳಗೆ ಖಾಲಿ ಜಾಗದಲ್ಲಿ ಕಾಳುಗಳ ವಿಷಯ ಬರೆದ. ಹನ್ನೊಂದು, ಒಂಬತ್ತು, ಹದಿಮೂರು, ಮೂರನ್ನೂ ಬರೆದ. ಬರೆದ ಮೇಲೆ ಅದು ವರದಿಯ ಹಾಗೆ ಕಾಣಲಿಲ್ಲ, ಯಾರೋ ತಡವರಿಸಿದ ಹಾಗೆ ಕಂಡಿತು.

ಅವನು ವಾರ್ಡಿಗೆ ಹೋದಾಗ ಸೂಜಿ ಚುಚ್ಚಿಯಾಗಿತ್ತು. ಮೂವತ್ತು ವರ್ಷದಲ್ಲಿ ಒಂದು ಗಾಜಿನ ಹಿಂದೆ ಹೋಗಿ ಮನುಷ್ಯರನ್ನು ನೋಡಿದವನಲ್ಲ. ಗಾಜಕ್ಕನ ಮೈ ಹಾಸುಬಟ್ಟೆಯ ಕೆಳಗೆ ಇಷ್ಟೇ ಇಷ್ಟಾಗಿ ಹೋಗಿತ್ತು. ಕಣ್ಣು ಅರ್ಧ ತೆರೆದಿದ್ದವು, ನೋಟ ಎಲ್ಲೂ ಇರಲಿಲ್ಲ. ಅವಳ ಗಂಡ ಕಲ್ಲುಕ್ವಾರಿಯ ಕೆಲಸದವನು, ರೆಪ್ಪೆಯ ಮೇಲೆಲ್ಲ ಬಿಳಿಯ ಪುಡಿ, ಮಂಚದ ಕಾಲಿಗೆ ಒರಗಿ ನೆಲದಲ್ಲಿ ಕೂತಿದ್ದವನು ಅವನನ್ನು ಕಂಡು ಎದ್ದು ಕೈ ಮುಗಿದ.

"ನಿಮ್ಮಿಂದ ಗೊತ್ತಾಯ್ತಂತೆ. ನರ್ಸಮ್ಮ ಹೇಳಿದ್ರು. ನಿಮ್ಮ ಕಣ್ಣು ತಣ್ಣಗಿರ್ಲಿ, ಅಣ್ಣ."

"ಹಾಗನ್ಬೇಡ," ಎಂದ ಅವನು. ಮುಂದಿನದು ಬೇಡವೆಂದರೂ ಹೊರಗೆ ಬಂತು. "ಶನಿವಾರಾನೇ ಗೊತ್ತಾಗ್ಬೇಕಿತ್ತು. ನನಗೆ ಕಂಡಿತ್ತು. ಬಿಟ್ಟೆ."

"ಬಿಟ್ರಾ?"

"ಗಾಜಿನ ಕೊಳೆ ಅಂದ್ಕೊಂಡೆ. ಅವಳಿಗೆ ಬೈದೂ ಬಿಟ್ಟೆ."

ಗಂಡ ಮುಗಿದ ಕೈಯನ್ನು ಇಳಿಸಿದ. ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಆ ಕೈಗಳನ್ನು ನೋಡಿಕೊಂಡ. "ಅವತ್ತು ಮನೆಗೆ ಬರುವಾಗ ದೀಪ ಹಚ್ಚಿಯಾಗಿತ್ತು," ಎಂದ ನಿಧಾನವಾಗಿ. "ಬೆರಳೆಲ್ಲ ನೀರಲ್ಲಿ ನೆಂದು ಸುಕ್ಕಾಗಿತ್ತು, ಮೈ ಕೆಂಡ. ಏನೇ ಇಷ್ಟೊತ್ತು ಅಂದ್ರೆ, ಪೆಟ್ಟಿಗೇಲಿದ್ದ ಅಷ್ಟೂ ಗಾಜು ತೆಗೆದು ಇನ್ನೊಂದು ಸಲ ಉಜ್ಜಿ ಬಂದೆ, ನನ್ನದೇ ತಪ್ಪಿತ್ತಂತೆ, ಅಂದ್ಲು. ಅಂದು ಬಾಗಿಲಲ್ಲೇ ಕೂತ್ಲು. ಆಮೇಲೆ ಎದ್ದಿಲ್ಲ."

ಪಕ್ಕದ ಮಂಚದ ಮುದುಕಿ ಮಗ್ಗುಲು ಬದಲಿಸಿದಳು. ಅವನು ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎನ್ನಬಹುದಿತ್ತು. ಬಸ್ಸಿನಲ್ಲಿ ಕಾಲು ತುಳಿದವರೂ ಹೇಳುವ ಮಾತು ಅದು.

"ಉಳೀತಾಳಾ?" ಎಂದು ಗಂಡ ಕೇಳಿದ.

"ಗೊತ್ತಿಲ್ಲ."

"ಶನಿವಾರಾನೇ ಕೊಟ್ಟಿದ್ರೆ?"

"ಗೊತ್ತಿಲ್ಲ," ಎಂದ ಮತ್ತೆ. ನಿಜವಾಗಿಯೂ ಗೊತ್ತಿರಲಿಲ್ಲ, ಅದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಕಳ್ಳಮಾತಿನ ಹಾಗೆ ಕೇಳಿಸಿತು. ಗಂಡ ಹೊಡೆಯುತ್ತಾನೆ ಎಂದು ಕಾದ. ಆ ಕೈಗಳು ಬಂಡೆ ಒಡೆಯುವ ಕೈಗಳು. ಗಂಡ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಮಂಚದ ಕೆಳಗಿನ ಸ್ಟೂಲನ್ನು ಕಾಲಿನಿಂದ ಎಳೆದು ಅವನ ಕಡೆ ತಳ್ಳಿದ. "ಕೂತ್ಕೊಳ್ಳಿ. ಹುಡುಗೀರಿಬ್ರು ಪಕ್ಕದ ಮನೇಲಿದಾರೆ, ಬೆಳಿಗ್ಗೆಯಿಂದ ಏನು ತಿಂದ್ರೋ. ನೋಡಿ ಬರ್ತೀನಿ. ಬಾಟ್ಲಿ ಮುಗಿದ್ರೆ ನರ್ಸಮ್ಮನ್ನ ಕೂಗಿ." ಅಂದು ಹೋಗಿಯೇಬಿಟ್ಟ. ಅದು ಕ್ಷಮೆ ಇರಬಹುದೇ, ಶಿಕ್ಷೆ ಇರಬಹುದೇ, ಕೂರಿಸಲು ಬೇರೆ ಯಾರೂ ಇಲ್ಲದ ಬಡವನ ಅನುಕೂಲವಷ್ಟೇ ಇರಬಹುದೇ? ಅವನು ಸ್ಟೂಲಿನ ಪಕ್ಕದಲ್ಲಿ ನಿಂತೇ ಇದ್ದ.

ಗಾಜಕ್ಕನ ತಲೆ ದಿಂಬಿನ ಮೇಲೆ ಹೊರಳಿತು. ಕಣ್ಣು ಅವನ ಮೇಲೆ ನಿಂತವು, ಅವನನ್ನು ದಾಟಿ ಹೋದವು, ಮರಳಿ ಬಂದವು.

"ಬಂದ್ಯಾ?" ಎಂದಳು. ದನಿ ಒಡೆದ ಮಡಕೆಯಲ್ಲಿ ನೀರಾಡಿದ ಹಾಗಿತ್ತು. ಹನ್ನೊಂದು ವರ್ಷದಲ್ಲಿ ಅವಳು ಅವನಿಗೆ ಏಕವಚನ ಆಡಿದವಳಲ್ಲ.

"ಬಂದೆ," ಎಂದ.

"ಚಪ್ಪಲಿ ಹಾಕ್ಕೊಂಡೇ ಒಳಗೆ ಬರ್ತೀಯಲ್ಲೋ. ಈಗ್ತಾನೇ ನೆಲ ಒರೆಸಿದೀನಿ."

ಅವನು ಕೆಳಗೆ ನೋಡಿದ. ಆಸ್ಪತ್ರೆಯ ಸಿಮೆಂಟಿನ ನೆಲ, ಎಷ್ಟೋ ಜನ ತುಳಿದು ಕಪ್ಪಾಗಿತ್ತು. ಯಾರ ಮನೆಯ ನೆಲವನ್ನು ನೋಡುತ್ತಿದ್ದಾಳೋ, ಯಾವ ತಮ್ಮನನ್ನೋ, ಇನ್ಯಾರನ್ನೋ. ನಾನು ಅವನಲ್ಲ ಎಂದು ಹೇಳುವುದು ಸುಲಭವಿತ್ತು. ಅವನು ವಾರ್ಡಿನ ಅಷ್ಟುದ್ದವನ್ನೂ ನಡೆದು, ಎಲ್ಲ ಮಂಚದವರೂ ನೋಡುತ್ತಿರಲು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಹಿಂದಿರುಗಿದ. ನೆಲ ತಣ್ಣಗಿತ್ತು.

"ಕಾಲು?" ಎಂದಳು ಗಾಜಕ್ಕ.

ಅವನು ಒಂದು ಅಂಗಾಲನ್ನು ಇನ್ನೊಂದು ಕಾಲಿನ ಪ್ಯಾಂಟಿಗೆ ಒರೆಸಿದ, ಆಮೇಲೆ ಇನ್ನೊಂದನ್ನು ಇದಕ್ಕೆ. ಒಂಟಿಕಾಲಿನಲ್ಲಿ ನಿಂತಾಗ ಜೋಲಿ ತಪ್ಪಿ ಮಂಚದ ಕಂಬಿ ಹಿಡಿದುಕೊಂಡ. ಅವಳು ನೋಡುತ್ತಲೇ ಇದ್ದಳು, ಬಹಳ ಕಷ್ಟಪಟ್ಟು, ಒಂದು ಕೆಲಸ ಸರಿಯಾಯಿತೋ ಇಲ್ಲವೋ ಎಂದು ಪರೀಕ್ಷಿಸುವವಳ ಹಾಗೆ.

"ಹಾಂ. ಈಗ ಬಾ," ಎಂದಳು.

ಯಾರನ್ನು ಕರೆದಳೋ ತಿಳಿಯಲಿಲ್ಲ. ಅವನು ಹೋಗಿ ಕೂತ.